ವಿಮಾನವಾಹಕ ಹಡಗೂ ಬೆಂಗಳೂರಿನ ಕಾರ್ಖಾನೆಯೂ

1942ನೆಯ ಏಪ್ರಿಲ್ 5ರಂದು ಜಪಾನಿನ ವಿಮಾನವಾಹಕ ಹಡಗುಗಳಿಂದೆದ್ದ 'ಝೀರೋ' ಯುದ್ಧವಿಮಾನಗಳು ಕೊಲಂಬೊ ನಗರದ ಮೇಲೆರಗಿದುವು. ಮರುದಿನ ಹಡಗಿನ ವಿಮಾನಗಳೇ ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಸುರಿದುವು. ನಮ್ಮ ಹೊಸಪೇಟೆ, ಕಂಪ್ಲಿಗಳೂ ಆಗ ಅದೇ ಮದರಾಸು ಪ್ರಾಂತಕ್ಕೆ ಸೇರಿದ್ದುವು. ಕಾವಲು ಮಾತ್ರ ಪರರ ಕೈಯಲ್ಲಿತ್ತು.

ನಮ್ಮವರಿಗೆ ಸಾಮರ್ಥ್ಯವಿರಲಿಲ್ಲವೆ? ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದೊಡಗೂಡಿ 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ಜೋಡಣೆಗೊಂಡ 'ಹಾಕ್' ಯುದ್ಧವಿಮಾನವು 1942ರ ಜುಲೈಯಲ್ಲಿಯೇ ಹಾರಿತು. ಆದರೆ 1943ರಲ್ಲಿ ಕಾರ್ಖಾನೆಯ ಆಡಳಿತವು ಅಮೆರಿಕದ ಸೇನೆಯ ವಶವಾಗಿ, ನಿರ್ಮಾಣವು ಹಿಂದೆ ಬಿದ್ದು ರಿಪೇರಿಯೇ ಮುಖ್ಯವಾಯಿತು. ಯುದ್ಧದ ಅವಸರವಿದ್ದುದು ನಿಜ. ಆದರೂ ಸ್ವಂತ ವಿನ್ಯಾಸದ ಎಚ್‌ಟಿ-2 ವಿಮಾನವು ಹಾರಲು 1951 ಬರಬೇಕಾಯಿತು.

ಹಂಪೆಯ ಭಗ್ನ ಪ್ರಾಕಾರಗಳ ನೆರೆಯಲ್ಲಿ ಬಾಳುವ ನಾವು ಇದನ್ನು ಮರೆಯಲಾಗದು. ರಕ್ಷಣೆಯ ವಿದ್ಯೆಯನ್ನು ಎರವಲು ತರುವ ನಾಡು ಪರರ ಅವಸರಕ್ಕೆ ತನ್ನ ಕೆಲಸವನ್ನು ನಿಲ್ಲಿಸಬೇಕಾಗುವುದು.