ಕಾನೂನೂ ಜನಮನವೂ

ರಾಜ್ಯದ ಸಂಸ್ಥೆಗಳು ಸಮಾಜವನ್ನು ರೂಪಿಸುತ್ತವೆಯೋ, ಸಮಾಜವೇ ತನಗೆ ತಕ್ಕ ಸಂಸ್ಥೆಗಳನ್ನು ಕಟ್ಟಿಕೊಳ್ಳುತ್ತದೆಯೋ ಎಂಬುದು ತತ್ತ್ವಶಾಸ್ತ್ರದ ಹಳೆಯ ಪ್ರಶ್ನೆ. 1831ರಲ್ಲಿ ಸೆರೆಮನೆಗಳ ವ್ಯವಸ್ಥೆಯನ್ನು ಅಭ್ಯಸಿಸಲು ಅಮೆರಿಕಕ್ಕೆ ತೆರಳಿದ ಫ್ರೆಂಚ್ ಚಿಂತಕ ಅಲೆಕ್ಸಿ ದ ತೊಕ್‌ವಿಲ್, ಅಲ್ಲಿನ ಪ್ರಜಾಪ್ರಭುತ್ವವನ್ನು ಉಳಿಸುವುದರಲ್ಲಿ ಕಾನೂನುಗಳಿಗಿಂತ ಜನರ ನಂಬಿಕೆ, ನಡೆನುಡಿಗಳ ಪಾತ್ರವೇ ಹಿರಿದೆಂದು ಕಂಡುಕೊಂಡರು. ಈ ಮಾತನ್ನು ಆ ದೇಶದ ಕಪ್ಪು ವರ್ಣೀಯರ ಹಕ್ಕುಗಳ ಚರಿತ್ರೆಯಲ್ಲಿ ನಾವು ಪರೀಕ್ಷಿಸಿ ನೋಡಬಹುದು.

ಅಂತರ್ಯುದ್ಧದ ಬಳಿಕ 1870ರಲ್ಲಿ, ವರ್ಣದ ಕಾರಣದಿಂದ ಯಾರಿಗೂ ಮತದಾನದ ಹಕ್ಕನ್ನು ನಿರಾಕರಿಸಕೂಡದೆಂದು ಸಂವಿಧಾನದ 15ನೇ ತಿದ್ದುಪಡಿ ಸಾರಿತು. ದಕ್ಷಿಣದ ರಾಜ್ಯಗಳ ಬಿಳಿಯ ಸಮಾಜದ ಬಹುಭಾಗ ಅದನ್ನು ಮನಸಾರೆ ಒಪ್ಪಲಿಲ್ಲ. ಮತದಾನಕ್ಕೆ ತೆರಿಗೆ, ಅಕ್ಷರಜ್ಞಾನದ ಪರೀಕ್ಷೆ, ಅವೂ ಸಾಲದಿದ್ದರೆ ಹಿಂಸೆ: ಹೀಗೆ ತಿದ್ದುಪಡಿಯ ಒಂದಕ್ಷರವನ್ನೂ ಅಳಿಸದೆ ಅದನ್ನು ನಿಷ್ಫಲಗೊಳಿಸಲಾಯಿತು. 1896ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ರೈಲುಗಳಲ್ಲಿನ ವರ್ಣಭೇದವನ್ನು ಎತ್ತಿಹಿಡಿಯಿತು. ಕ್ರೈಸ್ತ ವಿಶ್ವಾಸಿಗಳೂ ಈ ದೋಷಕ್ಕೆ ಹೊರತಾಗಿರಲಿಲ್ಲ. ಅನೇಕ ಕಥೋಲಿಕ ದೇವಾಲಯಗಳಲ್ಲಿಯೂ ಕಪ್ಪು ವರ್ಣೀಯರಿಗೆ ಪ್ರತ್ಯೇಕ ಆಸನಗಳಿದ್ದವು.

ಆದರೆ ಸಮಾಜದ ಅಂತಃಸಾಕ್ಷಿ ಪೂರ್ಣವಾಗಿ ನಿದ್ರಿಸಿರಲಿಲ್ಲ. ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತದ್ದು 1954ರಲ್ಲಿ. ಅದಕ್ಕೂ 7 ವರ್ಷ ಮೊದಲೇ ಸೇಂಟ್ ಲೂಯಿಸ್‌ನ ಮಹಾಧರ್ಮಾಧ್ಯಕ್ಷ ಜೋಸೆಫ್ ರಿಟ್ಟರ್ ತಮ್ಮ ಅಧೀನದ ಶಾಲೆಗಳನ್ನು ಎಲ್ಲ ವರ್ಣದ ಮಕ್ಕಳಿಗೂ ತೆರೆದಿದ್ದರು. ನ್ಯಾಯಾಲಯದ ಮೊರೆಹೋಗಲು ಹೊರಟ ಬಿಳಿಯ ಹೆತ್ತವರನ್ನು ಧರ್ಮಸಭೆಯಿಂದ ಬಹಿಷ್ಕಾರವಾದೀತೆಂದು ಎಚ್ಚರಿಸಿದರು. ಮಾಂಟ್‌ಗೊಮರಿಯ ಕಪ್ಪು ವರ್ಣೀಯರು 1955-56ರಲ್ಲಿ 381 ದಿನ ನಗರದ ಬಸ್ಸುಗಳನ್ನೇರದೆ ನಡೆದರು. 1965ರಲ್ಲಿ ಸೆಲ್ಮಾ ಪಟ್ಟಣದ ಹೋರಾಟದಲ್ಲಿ ಕಥೋಲಿಕ ಗುರುಗಳೂ ಧರ್ಮಭಗಿನಿಯರೂ ಜೊತೆಗೂಡಿದರು. ಅದೇ ವರ್ಷ ಮತದಾನ ಹಕ್ಕು ಕಾಯಿದೆ ಜಾರಿಗೆ ಬಂದಿತು.

ಆಗ ಕಾನೂನು ಸಮಾಜವನ್ನು ತಿದ್ದತೊಡಗಿತು. ಮಿಸಿಸಿಪ್ಪಿ ರಾಜ್ಯದಲ್ಲಿ ಮತದಾರರಾಗಿ ನೋಂದಾಯಿತರಾದ ಕಪ್ಪು ವರ್ಣೀಯರ ಪ್ರಮಾಣ 1965ರಲ್ಲಿ ಶೇಕಡಾ 7ಕ್ಕಿಂತ ಕಡಿಮೆಯಿತ್ತು. ಎರಡೇ ವರ್ಷಗಳಲ್ಲಿ ಅದು ಶೇಕಡಾ 60ರ ಸಮೀಪಕ್ಕೇರಿತು. ಕಾಲ ಬದಲಾಗಿದೆ ಎಂಬ ಕಾರಣವಿತ್ತು 2013ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕಾಯಿದೆಯ ಮುಖ್ಯ ಅಂಶವೊಂದನ್ನು ರದ್ದುಗೊಳಿಸಿತು. ಮತದಾನದ ನಿಯಮಗಳನ್ನು ಬದಲಿಸಲು ಕೆಲವು ರಾಜ್ಯಗಳು ಕೇಂದ್ರದ ಪೂರ್ವಾನುಮತಿ ಪಡೆಯಬೇಕೆಂಬ ನಿರ್ಬಂಧ ಅದರಿಂದ ಸಡಿಲವಾಯಿತು. ಅದೇ ವರ್ಷ ಉತ್ತರ ಕ್ಯಾರೊಲಿನಾ ತನ್ನ ನಿಯಮಗಳನ್ನು ಬಿಗಿಗೊಳಿಸಿತು. ಗೆದ್ದ ಹಕ್ಕನ್ನು ಪ್ರತಿಯೊಂದು ಪೀಳಿಗೆಯೂ ಕಾಯಬೇಕೆಂಬುದಕ್ಕೆ ಇದು ನಿದರ್ಶನ.

ತೊಕ್‌ವಿಲ್ಲರ ಮಾತು ಸತ್ಯವೇ. ಆದರೆ ಜನರ ನಡೆನುಡಿಗೂ ಕಾನೂನೆಂಬ ಗುರು ಬೇಕಾಗುತ್ತದೆ. ಆ ಗುರುವಿನ ಪಾಠವನ್ನು ಮಕ್ಕಳು ಮೊದಲು ಕಲಿಯುವುದು ಊಟದ ಮೇಜಿನ ಬಳಿ ನಾವು ಅನ್ಯರ ಕುರಿತು ಆಡುವ ಮಾತುಗಳಿಂದ, ಪೂಜೆಯ ವೇಳೆ ಪೀಠದಲ್ಲಿ ಯಾರಿಗೆ ಸರಿದು ಜಾಗ ಬಿಡುತ್ತೇವೆ ಎಂಬುದರಿಂದ. ಶಾಸನಸಭೆಯ ಕೈಗೆಟುಕದ ಈ ಕೆಲಸದ ಹೊಣೆ ನಮ್ಮ ಕುಟುಂಬಗಳದೇ ಆಗಿದೆ.