ಹೆಸರಿಲ್ಲದ ಕಡತ, ಸೂಚಿಯಿಲ್ಲದ ಭಂಡಾರ

‘ಎಲ್ಲವೂ ಡಿಜಿಟಲ್ ಆಗಿದೆ, ಇನ್ನು ಗ್ರಂಥಸೂಚಿಗಳ ಕಾಲ ಮುಗಿಯಿತು’ ಎಂಬ ಮಾತು ವಿಚಾರಸಂಕಿರಣಗಳಲ್ಲಿ ಮೇಲಿಂದ ಮೇಲೆ ಕೇಳಿಬರುತ್ತಿದೆ. ಇದು ಅರೆತಿಳಿವಿನ ಮಾತು. ಕನ್ನಡ ಸಂಶೋಧನೆಗೆ ಹಾನಿಕರವಾದುದೂ ಹೌದು.

ಕೋಣನಕುಂಟೆಯ ನಮ್ಮ ಮನೆಗೆ ಈಚೆಗೆ ಬಂದ ಸಂಶೋಧನಾರ್ಥಿಯೊಬ್ಬರು ನೇಮಿನಾಥಪುರಾಣದ ಹಳೆಯ ಮುದ್ರಣವೊಂದನ್ನು ಜಾಲದಲ್ಲಿ ಹುಡುಕಿ ಸೋತಿದ್ದರು. ಈ ಹೆಸರಿನ ಕಾವ್ಯ ಕರ್ಣಪಾರ್ಯನದೂ ಇದೆ, ನೇಮಿಚಂದ್ರನದೂ ಇದೆ. ಅಪೂರ್ಣವಾಗಿರುವ ಎರಡನೆಯದಕ್ಕೆ ಅರ್ಧನೇಮಿ ಎಂಬ ಹೆಸರೂ ರೂಢಿಯಲ್ಲಿದೆ. ಕಡತದ ವಿವರದಲ್ಲಿ ಕವಿಯ ಹೆಸರಿಲ್ಲದಿದ್ದರೆ, ಅಥವಾ ಇದ್ದೂ ತಪ್ಪಾಗಿದ್ದರೆ, ಹುಡುಕುವವನು ಏನು ಮಾಡಬೇಕು? ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಸ್ಕ್ಯಾನ್ ಪ್ರತಿಗಳು ಇಂದು ಇಂಟರ್‌ನೆಟ್ ಆರ್ಕೈವ್‌ನಲ್ಲಿ ದೊರೆಯುತ್ತವೆ. ಅಲ್ಲಿ ಎಷ್ಟೋ ಕನ್ನಡ ಶೀರ್ಷಿಕೆಗಳು ರೋಮನ್ ಲಿಪಿಯಲ್ಲಿ, ಹ್ರಸ್ವ-ದೀರ್ಘಗಳ, ನ-ಣಗಳ, ಲ-ಳಗಳ ಭೇದವಳಿದು ಕುಳಿತಿವೆ. ಕನ್ನಡದಲ್ಲಿ ಹುಡುಕಿದವನಿಗೆ ಅವು ಇಲ್ಲವೆಂದೇ ಲೆಕ್ಕ.

ಯಂತ್ರದ ಸ್ವಭಾವವನ್ನು ತಿಳಿಯದೆ ಯಂತ್ರವನ್ನು ನಂಬುವುದೇ ಇಲ್ಲಿನ ದೋಷ. ಕಡತವ್ಯವಸ್ಥೆ ತಾನಾಗಿ ದಾಖಲಿಸುವುದು ಕಡತದ ಹೆಸರು, ಗಾತ್ರ, ಒಡೆಯ, ತಿದ್ದಿದ ಸಮಯ ಮುಂತಾದ ವಿವರಗಳನ್ನಷ್ಟೇ. ಕೋಟಿಗಟ್ಟಲೆ ಕಡತಗಳಿರುವ ಭಂಡಾರದಲ್ಲಿ ಒಂದೊಂದೇ ಕೋಶವನ್ನು ತಡಕುತ್ತ ಹೋಗುವುದು ವ್ಯವಹಾರಕ್ಕೆ ಒದಗದ ಕೆಲಸ. ಆದ್ದರಿಂದ ಈ ವಿವರಗಳನ್ನೆಲ್ಲ ಬೇರೆಯಾಗಿ ಪೋಣಿಸಿದ ಸೂಚಿಯೊಂದನ್ನು ಕಟ್ಟಿ, ಹುಡುಕಾಟವನ್ನು ಅದರೊಳಗೆ ನಡೆಸುತ್ತಾರೆ. ಕವಿ, ಸಂಪಾದಕ, ಮುದ್ರಣವರ್ಷಗಳನ್ನು ಯಾರಾದರೂ ತುಂಬಿದ್ದರೆ ಮಾತ್ರ ಆ ಸೂಚಿ ಹೇಳೀತು. ಮಹಾಯಂತ್ರಗಳ ತಜ್ಞರೂ ಕೊನೆಗೆ ಸೂಚಿಯನ್ನೇ ಆಶ್ರಯಿಸಿರುವಾಗ, ಸೂಚಿ ಹಳತಾಯಿತೆನ್ನುವವರು ನಮ್ಮ ಸಾಹಿತ್ಯ ವಿಭಾಗಗಳಲ್ಲಿದ್ದಾರೆ!

ಕೆ. ಭುಜಬಲಿ ಶಾಸ್ತ್ರಿಗಳ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಹೊರಬಂತು. ಮೂಡಬಿದಿರೆ, ಕಾರ್ಕಳ ಮುಂತಾದೆಡೆಯ ಓಲೆಗಳ ಕರ್ತೃ, ವಿಷಯ, ಲಿಪಿ, ಭಾಷೆ, ಪತ್ರಸಂಖ್ಯೆಗಳನ್ನು ಕಣ್ಣಾರೆ ಕಂಡು ಬರೆದ ಕೆಲಸವದು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ 1000 ಪ್ರತಿ ಮಾಡಿಸಿದುದನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ, ನೆನೆಯಲೇಬೇಕು. ಆದರೆ ಪ್ರತಿ ಉಳಿಯುವುದು ಬೇರೆ, ಬೇಕಾದವನ ಕೈಗೆ ಸಿಗುವುದು ಬೇರೆ.

‘ಯಂತ್ರವೇ ಒಳಗಿನ ಪಠ್ಯವನ್ನು ಓದುತ್ತದೆ, ಹೆಸರೇಕೆ?’ ಎಂಬುದು ಇನ್ನೊಂದು ವಾದ. ಱ, ೞಗಳಿರುವ, ಅರ್ಕಾವತ್ತು ಮಸುಕಾದ ಹಳೆಯ ಅಚ್ಚಿನ ಪುಟವನ್ನು ಯಂತ್ರಕ್ಕೆ ಓದಿಸಿ ನೋಡಿದವರು ಹೀಗೆ ಹೇಳಲಾರರು. ಸರಿಯಾಗಿ ಓದಿತೆಂದೇ ಇಟ್ಟುಕೊಳ್ಳೋಣ. ಮುಖಪುಟ ಕಳೆದುಹೋದ ಪ್ರತಿ ಯಾವ ಮುದ್ರಣದ್ದೆಂದು ಹೇಳಲು ಆ ಮುದ್ರಣಗಳನ್ನು ಬಲ್ಲವರೇ ಬೇಕು.

ಬೆಂಗಳೂರಿನ ಸಂಚಯ ಬಳಗ ಈ ಶೀರ್ಷಿಕೆಗಳನ್ನು ಓದುಗರ ನೆರವಿನಿಂದ ಕನ್ನಡ ಲಿಪಿಗೆ ತರುವ ಕಾರ್ಯಕ್ಕೆ ಕೈಹಾಕಿತು. ಅದರ ಮುಂದಾಳುಗಳು ಕನ್ನಡ ಪ್ರಾಧ್ಯಾಪಕರಲ್ಲ, ತಂತ್ರಜ್ಞರು. ನಾವೋ ವಿಮರ್ಶೆಯ ಮೇಲಿನ ವಿಮರ್ಶೆಗೆ ಪಿಎಚ್.ಡಿ. ಕೊಡುತ್ತೇವೆ; 500 ಕಡತಗಳಿಗೆ ಕವಿ, ಸಂಪಾದಕ, ಮುದ್ರಣವರ್ಷವನ್ನು ಪರಿಶೀಲಿಸಿ ಬರೆದವನ ಕೆಲಸವನ್ನು ಗುಮಾಸ್ತಿಕೆಯೆಂದು ತಳ್ಳಿಹಾಕುತ್ತೇವೆ. ಎಂ.ಎ. ಕೊನೆಯ ವರ್ಷದ ಪ್ರಬಂಧಕ್ಕೆ ಬದಲು ಒಬ್ಬೊಬ್ಬ ವಿದ್ಯಾರ್ಥಿಯಿಂದ 50 ಕಡತಗಳ ವಿವರವನ್ನು ಬರೆಸಬಹುದು. ಅದಕ್ಕೆ ಹೊಸ ಅನುದಾನವೇನೂ ಬೇಕಿಲ್ಲ, ಮುಂದಿನ ಪಠ್ಯಕ್ರಮ ಸಮಿತಿಯ ಒಂದು ನಿರ್ಣಯ ಸಾಕು.