ಕಾವಲುಗಾರನಿಗೊಂದು ಕಾವಲು
ಸಕಲೇಶಪುರದ ಹೆಗ್ಗದ್ದೆ ಕಡೆಯ ಕಾಫಿ ಬೆಳೆಗಾರರಿಗೆ ಮಳೆ ಲೆಕ್ಕದ ಪುಸ್ತಕ ಜಾತಕವಿದ್ದಂತೆ: ಹೂಮಳೆ ಯಾವ ದಿನ, ಎಷ್ಟು ಇಂಚು, ಎಲ್ಲ ಅದರಲ್ಲಿ. ಮಳೆಮಾಪಕ ಒಡೆದರೆ ಇನ್ನೊಂದು ತರಬಹುದು. ಪುಸ್ತಕ ನೆನೆದರೆ ಹೋದ ವರ್ಷಗಳು ಮರಳವು. ಸರ್ವರ್‌ಗಳ ನಾಡಿ ಹಿಡಿಯುವ ಜ್ಯಾಬಿಕ್ಸ್‌ನ ಕಥೆಯೂ ಇದೇ. 2001ರಲ್ಲಿ ಲಾಟ್ವಿಯಾದ ಅಲೆಕ್ಸಿ ವ್ಲಾದಿಶೆವ್ ಹೊರತಂದ ಈ ತಂತ್ರಾಂಶ, ಯಾವ ಯಂತ್ರ ನೋಡಬೇಕು, ಯಾವಾಗ ಕೂಗಬೇಕು ಎಂಬುದನ್ನೆಲ್ಲ ಡೇಟಾಬೇಸ್‌ನಲ್ಲಿಡುತ್ತದೆ. ಅಲ್ಲಿ ಜಾಗ ನುಂಗುವುದು ನಿಮಿಷ ನಿಮಿಷದ ಅಳತೆಗಳ ರಾಶಿ; ಸೆಟ್ಟಿಂಗ್‌ಗಳದು ಹಿಡಿಯಷ್ಟೇ. ರಾಶಿಯ ನಕಲು ವಾರಕ್ಕೊಮ್ಮೆಯಾದರೂ ಸರಿ, ಹಿಡಿಯಷ್ಟನ್ನು ದಿನವೂ ನಕಲಿಸಿ ಬೇರೆ ಊರಿನ ಯಂತ್ರದಲ್ಲಿಡಿ. ಆಗಾಗ ಆ ನಕಲಿನಿಂದ ಎಲ್ಲವನ್ನೂ ಮರಳಿ ಎಬ್ಬಿಸಿ ನೋಡಿ. ಬಿಚ್ಚಿ ನೋಡದ ಬ್ಯಾಕಪ್ ಅಟ್ಟದ ಮೇಲಿನ ಕೊಡೆ. ತೂತು ಕಾಣುವುದು ಮಳೆ ಬಂದಾಗಲೇ.